ಶೆಡ್ಡಿಗೆ ಹೋಗಿ ನೋಡಿ

ವೆಸ್ಟ್ ಮಾಂಬಲಂ, ಚೆನ್ನೈ



ನಿಮ್ಮ ಕಾಗದ ಕೈಸೇರಿತು. ಮಗಳು ಹವ್ಯಾಸಿ ರ್‍ಯಾಲಿ ತಂಡ ಸೇರಿದ್ದಾಳೆ, ಈ ಸೀಸನ್ನಿಗೆ ಗಾಡಿ ತಯಾರು ಮಾಡುತ್ತಿದ್ದಾರೆ, ರಾತ್ರಿ ಮನೆಗೆ ಬಂದರೆ ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಬೇಡ ಅನ್ನಲೋ, ಹೂಂ ಅನ್ನಲೋ ಎಂದು ಕೇಳಿದ್ದೀರಿ. ಸಕಲೇಶಪುರದ ತೋಟದ ಜಾರುದಾರಿಯಲ್ಲಿ ಜೀಪು ಓಡಿಸುತ್ತ ಬೆಳೆದ ಹುಡುಗಿಗೆ ಈ ಸೆಳೆತ ಸಹಜವೇ. ನನಗೆ ತೋಚುವುದು ಇಷ್ಟು: ಅವಳು ಓಡಿಸುವುದನ್ನು ಆಮೇಲೆ ನೋಡಿದರಾಯಿತು, ಮೊದಲು ಗಾಡಿ ಬಿಚ್ಚಿಟ್ಟಿರುವ ಶೆಡ್ಡಿಗೆ ಹೋಗಿ. ಆ ತಂಡವನ್ನು ನಂಬಬಹುದೋ ಇಲ್ಲವೋ ಅನ್ನುವುದು ಅಲ್ಲಿ ತಿಳಿಯುತ್ತದೆ.

ನನ್ನ ತಮ್ಮ ಮತ್ತು ಅವನ ಗೆಳೆಯರದ್ದೂ ಇಂಥದೇ ಗುಂಪು. ವಾರವಿಡೀ ಆಫೀಸು, ಶನಿವಾರ ಭಾನುವಾರ ಜಿಪ್ಸಿ. ಆರ್ಯಗೌಡ ರಸ್ತೆಯ ಹಿಂದೆ, ಎದುರಿಗೊಂದು ಆಟೋ ಬಂದರೆ ಸ್ಕೂಟರು ಗೋಡೆಗೆ ಒರಗಬೇಕಾದಂಥ ಓಣಿಯ ಹಳೇ ಮನೆಯ ಅಂಗಳವೇ ಅವರ ವರ್ಕ್‌ಶಾಪು. ಮಾರುತಿ ಜಿಪ್ಸಿ 1985ರ ಕೊನೆಗೆ ಬಂದದ್ದು, ಆಗ ಸಾವಿರ ಸಿಸಿಗೂ ಒಂದಿಷ್ಟು ಕಡಿಮೆಯ ಎಂಜಿನ್ನು. 1996ರ ಜಿಪ್ಸಿ ಕಿಂಗ್‌ನಲ್ಲಿ ಅದು 1.3 ಲೀಟರ್ ಆಯಿತು. ತೂಕ ಒಂದು ಟನ್ನಿನ ಆಸುಪಾಸು, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗು. ಹಾಳಾದರೆ ರಸ್ತೆ ಬದಿಯಲ್ಲೇ ರಿಪೇರಿ ಮಾಡಬಹುದು. 2019ರ ಹೊತ್ತಿಗೆ ಕಂಪನಿ ಅದನ್ನು ಸಾರ್ವಜನಿಕರಿಗೆ ಮಾರುವುದನ್ನೇ ನಿಲ್ಲಿಸಿತು. ಹಾಗಿದ್ದೂ ಹವ್ಯಾಸಿಗಳು ಅದನ್ನು ಬಿಟ್ಟಿಲ್ಲ, ಬಿಡಬಾರದು ಅಂತಲೇ ನನ್ನ ಅಭಿಪ್ರಾಯ. ಕಲಿಯುವವರ ಕೈಗೆ ಎಟುಕುವ ಗಾಡಿ ಅದು.

ಶೆಡ್ಡಿನಲ್ಲಿ ಮೊದಲು ಬೋಲ್ಟುಗಳನ್ನು ನೋಡಿ. ಒಳ್ಳೆಯ ತಂಡ ಬೋಲ್ಟನ್ನು ಅಳತೆಗೆ ಬಿಗಿದ ಮೇಲೆ ನಟ್ಟಿನಿಂದ ಲೋಹದವರೆಗೆ ಬಣ್ಣದ ಒಂದು ಗೀಟು ಎಳೆದಿರುತ್ತದೆ. ಕಲ್ಲುದಾರಿಯಲ್ಲಿ ಕುಲುಕಾಡಿ ನಟ್ಟು ಒಂದು ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿದು ಕಾಣಿಸುತ್ತದೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟು, ಸ್ಟೀರಿಂಗ್ ರಾಡಿನ ತುದಿ, ಸೀಟಿನ ಬುಡ, ಇಷ್ಟರ ಮೇಲೆ ಗೀಟಿದೆಯೋ ಇಲ್ಲವೋ ನೋಡಿಕೊಳ್ಳಿ. ಟಾರ್ಚು ಹಿಡಿದು ಗಾಡಿಯಡಿ ಮಲಗಿ ಈ ಗೀಟುಗಳನ್ನು ಓದುವ ಕೆಲಸ ಯಾರ ಪಾಲಿನದು ಅಂತಲೂ ಕೇಳಿ. ಉತ್ತರ ಒಬ್ಬರ ಹೆಸರಾಗಿರಬೇಕು. ‘ಎಲ್ಲರೂ ನೋಡ್ತೀವಿ’ ಅಂದರೆ ಯಾರೂ ನೋಡುವುದಿಲ್ಲ ಅಂತಲೇ ಅರ್ಥ.

ಆಮೇಲೆ ಬ್ರೀದರ್ ಪೈಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮೂರಿನ ಹಳ್ಳಗಳಲ್ಲಿ ಗಾಡಿ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ಓಡಿ ಓಡಿ ಆಕ್ಸಲ್ಲಿನ ಒಳಗಿನ ಎಣ್ಣೆ, ಗಾಳಿ ಎರಡೂ ಕಾದಿರುತ್ತವೆ. ಹಾಗೇ ತಣ್ಣನೆಯ ನೀರಿಗಿಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಉಸಿರಾಡುವ ತೂತು ನೀರಿನಡಿ ಇದ್ದರೆ ಅಲ್ಲಿಂದ, ಅದು ಮುಚ್ಚಿಹೋಗಿದ್ದರೆ ಸವೆದ ಸೀಲುಗಳ ಸಂದಿನಿಂದ ನೀರೇ ಒಳಗೆ ಹೋಗುತ್ತದೆ. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮುಂದಿನ ರ್‍ಯಾಲಿಯಲ್ಲಿ ಬೇರಿಂಗು ಕಿರುಚುತ್ತದೆ. ಪರಿಹಾರ ದುಬಾರಿಯಲ್ಲ: ಒಂದು ರಬ್ಬರ್ ಪೈಪನ್ನು ಆ ತೂತಿನಿಂದ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರಾಯಿತು. ಏರ್ ಫಿಲ್ಟರಿನ ಪೈಪೂ ಅಷ್ಟೇ ಮುಖ್ಯ. ಕ್ಲಿಪ್ಪು ಸಡಿಲವಿದ್ದರೆ ಧೂಳು ಫಿಲ್ಟರನ್ನು ದಾಟಿ ನೇರ ಸಿಲಿಂಡರಿಗೆ ಹೋಗಿ ಅದನ್ನು ಮರಳುಕಾಗದದ ಹಾಗೆ ಉಜ್ಜಿಬಿಡುತ್ತದೆ.

ದುಡ್ಡಿನ ಮಾತು ಕೇಳಿದ್ದೀರಿ. ಇಲ್ಲಿ ಮಾಂಬಲಂ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಎಗ್ಮೋರಿನಲ್ಲಿ ಇಳಿದರೆ ಪುದುಪೇಟೆ ಹತ್ತಿರ. ಹಳೇ ಗಾಡಿಗಳ ಬಿಡಿಭಾಗಗಳ ದೊಡ್ಡ ಬಜಾರು ಅದು. ಹೊಸ ಸಾಮಾನಿಗೆ ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆ. ನಮ್ಮ ಹುಡುಗರು ಬಾಗಿಲು, ಬ್ರಾಕೆಟ್ಟು, ಬಂಪರನ್ನು ಹಳತರಲ್ಲಿ ಆರಿಸುತ್ತಾರೆ. ಬ್ರೇಕು, ಬೇರಿಂಗು, ಸೀಟ್ ಬೆಲ್ಟು ಮಾತ್ರ ಹೊಸತೇ. 2015ರ ಡಿಸೆಂಬರಿನ ನೆರೆಯಲ್ಲಿ ಈ ಊರಿನ ಎಷ್ಟೋ ಗಾಡಿಗಳು ಮುಳುಗಿದ್ದನ್ನು ಕಂಡವರು ಹಳೇ ಬೇರಿಂಗನ್ನು ಮುಟ್ಟುವುದಿಲ್ಲ. ಮಗಳ ತಂಡ ಮೊದಲ ದುಡ್ಡನ್ನು ಲೈಟಿಗೋ ಸ್ಟಿಕ್ಕರಿಗೋ ಸುರಿದಿದ್ದರೆ ನನಗೆ ಆತಂಕವಾಗುತ್ತದೆ. ರೋಲ್ ಕೇಜಿಗೆ, ಶಾಕ್ ಅಬ್ಸಾರ್ಬರಿಗೆ ಹಾಕಿದ್ದರೆ ಸಮಾಧಾನ.

ಈ ವಿದ್ಯೆ ಚೆನ್ನೈಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ವಿಮಾನ ಪಟ್ಟಿಯ ಮೇಲೆ ದಶಕಗಳ ಕಾಲ ರೇಸುಗಳು ನಡೆದವು. 1990ರಲ್ಲಿ ಬೆಂಗಳೂರು ಹೆದ್ದಾರಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಟ್ರ್ಯಾಕೇ ಆಯಿತು. ಸೌತ್ ಇಂಡಿಯಾ ರ್‍ಯಾಲಿ ಇದೇ ಕ್ಲಬ್ಬಿನದು. ನಿಮ್ಮ ಕಡೆಯೂ ಕಡಿಮೆಯೇನಲ್ಲ, 2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯಿತು.

ಭಯದ ಮಾತನ್ನೂ ಮುಚ್ಚಿಡುವುದಿಲ್ಲ. 2019ರಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರ್‍ಯಾಲಿಗಾಗಿ ಮುಚ್ಚಿದ್ದ ದಾರಿಗೆ ಬೈಕೊಂದು ಬಂದು, ರೇಸಿನ ಕಾರಿಗೆ ಸಿಕ್ಕಿ ಒಂದೇ ಮನೆಯ ಮೂವರು ತೀರಿಕೊಂಡರು. ಗಾಡಿಯನ್ನು ಎಷ್ಟು ಗಟ್ಟಿ ಮಾಡಿದರೂ ದಾರಿ ಕಾಯುವವರು ಇಲ್ಲದಿದ್ದರೆ ಹೊರಗಿನವರ ಜೀವಕ್ಕೆ ರಕ್ಷಣೆ ಇಲ್ಲ. ಅದಕ್ಕೇ ಹೇಳುವುದು, ಊರ ರಸ್ತೆಯಲ್ಲಿ ‘ಟೆಸ್ಟಿಂಗ್’ ಅಂತ ಓಡಿಸುವ ತಂಡವಾದರೆ ಮಗಳನ್ನು ಅಂದೇ ಬಿಡಿಸಿ. ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸು, ತಪಾಸಣೆ, ಮುಚ್ಚಿದ ದಾರಿ, ಈ ಮೂರಿದ್ದಲ್ಲಿ ಮಾತ್ರ ವೇಗ.

ಇನ್ನೊಂದು. ಚಾಲಕಿಯಾಗಲೇಬೇಕು ಅಂತ ಅವಳಿಗೆ ಹಟವಿಲ್ಲದಿದ್ದರೆ ಮೊದಲು ಪಕ್ಕದ ಸೀಟಿನಲ್ಲಿ ಕೂರಲಿ. ನಮ್ಮ ಕಾಸರಗೋಡಿನ ಮೂಸಾ ಶರೀಫ್ ನ್ಯಾವಿಗೇಟರ್ ಆಗಿಯೇ 300ಕ್ಕೂ ಹೆಚ್ಚು ರ್‍ಯಾಲಿ ಮುಗಿಸಿದವರು. ತಿರುವು ಕಣ್ಣಿಗೆ ಬೀಳುವ ಮೊದಲೇ ಅದು ಎಷ್ಟು ಕಡಿದು, ಆಚೆಗೆ ಎಷ್ಟು ಮೀಟರು ನೇರ ಅಂತ ಓದಿ ಹೇಳುವವರು ನ್ಯಾವಿಗೇಟರೇ, ಚಾಲಕರು ಆ ದನಿಯನ್ನು ನಂಬಿ ಓಡಿಸುತ್ತಾರೆ. ಟಿಎಸ್‌ಡಿ ರ್‍ಯಾಲಿಯಿಂದ ಶುರುಮಾಡಿದರೆ ಇನ್ನೂ ಒಳ್ಳೆಯದು. ಸಮಯ, ವೇಗ, ದೂರದ ಲೆಕ್ಕದ ಸ್ಪರ್ಧೆ ಅದು. ಅಲ್ಲಿ ಕೊಟ್ಟ ಸಮಯಕ್ಕಿಂತ ಮುಂಚೆ ಬಂದರೂ ದಂಡ, ತಡವಾದರೂ ದಂಡ. ಗಡಿಯಾರ, ಲೆಕ್ಕ, ಸಹನೆ ಮೂರೂ ಕೈಗೆ ಬರುತ್ತವೆ.

ಬರುವ ಭಾನುವಾರ ಶೆಡ್ಡಿಗೆ ಹೋಗಿಬನ್ನಿ. ಸೀಟ್ ಬೆಲ್ಟಿನ ಚೀಟಿಯ ಮೇಲೆ ಅವಧಿ ಮುಗಿಯುವ ವರ್ಷ ಅಚ್ಚಾಗಿರುತ್ತದೆ, ಅದನ್ನು ಓದಿ. ಬೆಂಕಿ ಆರಿಸುವ ಸಿಲಿಂಡರು ಕೂತಲ್ಲಿಂದ ಕೈಗೆ ಸಿಗುತ್ತದೋ, ಕರೆಂಟು ಕಡಿಯುವ ಸ್ವಿಚ್ಚು ಹೊರಗಿನಿಂದಲೂ ಎಟುಕುತ್ತದೋ ನೋಡಿ. ಕಂಡದ್ದನ್ನೆಲ್ಲ ನನಗೆ ಬರೆಯಿರಿ, ತಮ್ಮನಿಗೂ ಓದಿ ಹೇಳುತ್ತೇನೆ. ಅವಳಿಗೆ ಜಿಪ್ಸಿಯ ಸಾಮಾನು ಏನಾದರೂ ಬೇಕಿದ್ದರೆ ಪಟ್ಟಿ ಕಳಿಸಲಿ, ಇಲ್ಲಿ ವಿಚಾರಿಸಿ ಕಳಿಸಿಕೊಡುತ್ತೇವೆ.

ನಿಮ್ಮ
ಮಾಂಬಲದ ಗೆಳೆಯ