ಗೊಥಾರ್ಡ್ ಘಟ್ಟದ ಹಾದಿ

ನಮ್ಮ ನುಡಿಯಲ್ಲಿ ‘ಘಟ್ಟ’ ಎಂಬ ಮಾತು ಬೆಟ್ಟದ ಸಾಲನ್ನೂ ಹೇಳುತ್ತದೆ, ಆ ಸಾಲನ್ನು ದಾಟುವ ಹಾದಿಯನ್ನೂ ಹೇಳುತ್ತದೆ. ತಡೆಯುವುದಕ್ಕೂ ದಾಟಿಸುವುದಕ್ಕೂ ಒಂದೇ ಹೆಸರು! ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದ ನಾನು ಈ ಮಾತನ್ನು ಎಷ್ಟು ಸಲ ಬಳಸಿದ್ದೆನೊ ಲೆಕ್ಕವಿಲ್ಲ. ಅದರ ಅರ್ಥ ಕಾಲುಗಳಿಗೆ ತಿಳಿದದ್ದು ಮಾತ್ರ ನಿವೃತ್ತನಾದ ಮೇಲೆ, ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ.

ನನ್ನ ಮಗಳು ಜ್ಯೂರಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಬೇಸಗೆಯಲ್ಲಿ ಸೈಕಲ್ಲನ್ನೇರಿ ಒಂದಲ್ಲ ಒಂದು ಘಟ್ಟವನ್ನು ಹತ್ತಿ ಇಳಿಯುವುದು ಅವಳ ಹವ್ಯಾಸ. 2019ರ ಜುಲೈ ತಿಂಗಳಲ್ಲಿ ನಾನು ಅಲ್ಲಿದ್ದಾಗ, “ಗೊಥಾರ್ಡ್ ದಾಟೋಣ, ನೀವು ಹಳೆಯ ಕಾಲುಹಾದಿಯಲ್ಲಿ ಬನ್ನಿ, ನಾನು ಸೈಕಲ್ಲಿನಲ್ಲಿ ಬರುತ್ತೇನೆ” ಎಂದಳು. ನನಗಾಗ ಅರುವತ್ತೆರಡು ವರ್ಷ. ಮಂಡಿಗಳ ಮೇಲೆ ಅಷ್ಟೇನೂ ಭರವಸೆ ಉಳಿದಿರಲಿಲ್ಲ. ಈ ಬಾರಿ ಆಗದಿದ್ದರೆ ಮುಂದೆಂದೂ ಆಗದು ಎಂಬ ಎಣಿಕೆಯಿಂದಲೇ ಒಪ್ಪಿದೆ.

ಹಳೆಯ ರೈಲುದಾರಿಯಲ್ಲಿ ಹೋಗಿ, ಗ್ಯೋಶೆನೆನ್ ಎಂಬ ಊರಿನ ಬಳಿ ಸುರಂಗವನ್ನು ಹೊಕ್ಕು, ಸುಮಾರು ಹತ್ತು ನಿಮಿಷಗಳ ಕತ್ತಲೆಯ ಬಳಿಕ ಬೆಟ್ಟದ ದಕ್ಷಿಣದ ಮಗ್ಗುಲಿನ ಐರೋಲೊ ಎಂಬಲ್ಲಿ ಇಳಿದೆವು. ಹತ್ತು ನಿಮಿಷಗಳಲ್ಲಿ ಬೆಟ್ಟದ ಒಡಲೊಳಗೆ ಬಂದ ದೂರವನ್ನು ಅದರ ಬೆನ್ನ ಮೇಲೆ ಎರಡು ದಿನ ನಡೆದು ಹಿಂದಿರುಗುವುದು ನಮ್ಮ ಸಂಕಲ್ಪ. ಇದೆಂಥ ಜಾಣತನ ಎಂದು ನೀವು ನಗಬಹುದು. ಐರೋಲೊ ನಿಲ್ದಾಣದ ಬಳಿ ಇರುವ ಕಂಚಿನ ಉಬ್ಬುಶಿಲ್ಪವನ್ನು ನೋಡಿದ ಮೇಲೆ ನನಗೆ ಹಾಗೆನ್ನಿಸಲಿಲ್ಲ.

ಅದು ವಿನ್ಚೆನ್ಸೊ ವೇಲ ಎಂಬ ಶಿಲ್ಪಿಯ ಕೃತಿ. ಸುರಂಗದ ಕೆಲಸಗಾರರು ಸತ್ತ ಸಂಗಾತಿಯೊಬ್ಬನನ್ನು ಚಟ್ಟದ ಮೇಲೆ ಹೊತ್ತು ತರುತ್ತಿದ್ದಾರೆ. ಯಾರ ಮುಖದಲ್ಲಿಯೂ ಗೋಳಾಟವಿಲ್ಲ. ದಣಿವು ಮಾತ್ರ ಇದೆ. 1872ರಲ್ಲಿ ಮೊದಲಾದ ಈ ಹದಿನೈದು ಕಿಲೋಮೀಟರು ಉದ್ದದ ಸುರಂಗ 1882ರಲ್ಲಿ ಸಂಚಾರಕ್ಕೆ ತೆರೆಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಇಟಲಿಯ ಬಡವರು. ಒಳಗೆ ಮೂವತ್ತು ಡಿಗ್ರಿಗೂ ಮೀರಿದ ಸೆಕೆ, ಸಿಡಿಮದ್ದಿನ ಹೊಗೆ, ಮೊಳಕಾಲುದ್ದ ನೀರು. ಅಪಘಾತಗಳಿಂದಲೇ ಸುಮಾರು 200 ಮಂದಿ ಸತ್ತರು. ಕೊಕ್ಕೆಹುಳುವಿನ ರೋಗ ತಗುಲಿ ರಕ್ತಹೀನರಾಗಿ ಬಿಳಿಚಿಕೊಂಡವರು ಇನ್ನೆಷ್ಟೋ ಮಂದಿ. ನಮ್ಮ ಹಳ್ಳಿಗಳಲ್ಲಿ ಬರಿಗಾಲಿನವರನ್ನು ಕಾಡಿದ ಹುಳುವಿನ ಕುಲವೇ ಅದು. 1875ರಲ್ಲಿ ಗ್ಯೋಶೆನೆನ್‌ನಲ್ಲಿ ಅವರು ಮುಷ್ಕರ ಹೂಡಿದಾಗ ಗುಂಡು ಹಾರಿ ನಾಲ್ವರು ಪ್ರಾಣ ಕಳೆದುಕೊಂಡರು. ಗುತ್ತಿಗೆ ಹಿಡಿದ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ. ಮರುವರ್ಷ ಎರಡು ಕಡೆಯಿಂದಲೂ ಕೊರೆದು ಬಂದವರು ನಡುವೆ ಸಂಧಿಸಿದರು. ಅವರ ಲೆಕ್ಕ ಅಡ್ಡಕ್ಕೆ ತಪ್ಪಿದ್ದು 33 ಸೆಂಟಿಮೀಟರು, ಎತ್ತರದಲ್ಲಿ 5 ಸೆಂಟಿಮೀಟರು ಮಾತ್ರ. ಮೊದಲು ಬಿದ್ದ ಕಂಡಿಯ ಮೂಲಕ ಫಾವ್ರ್‌ನ ಭಾವಚಿತ್ರವನ್ನು ದಾಟಿಸಿದರೆಂದು ಹೇಳುತ್ತಾರೆ. ಹತ್ತು ನಿಮಿಷಗಳ ಕತ್ತಲೆಗೆ ತೆತ್ತ ಬೆಲೆ ಇದು.

ಐರೋಲೊ ಸಮುದ್ರಮಟ್ಟದಿಂದ 1175 ಮೀಟರು ಎತ್ತರದಲ್ಲಿದೆ. ಘಟ್ಟದ ನೆತ್ತಿ 2106 ಮೀಟರು. ನಡುವೆ ಇರುವುದು ಟ್ರೆಮೋಲ ಎಂಬ ಕಣಿವೆ. ‘ನಡುಗುವ ಕಣಿವೆ’ ಎಂದು ಆ ಹೆಸರಿನ ಅರ್ಥ. 1827ರಿಂದ 1832ರವರೆಗೆ ಇಲ್ಲಿ ಬಂಡಿಯ ರಸ್ತೆಯನ್ನು ನಿರ್ಮಿಸಿದರು. ಕಡಿದ ಕಗ್ಗಲ್ಲುಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ ಹಾಸಿದ ಆ ರಸ್ತೆ ಇಪ್ಪತ್ತನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಹೊರಳಿ ಹೊರಳಿ ಮೇಲೇರುತ್ತದೆ. ವಾಹನಗಳಿಗೆ ಬೇರೆ ರಸ್ತೆ ಆದ ಮೇಲೆ ಇದು ಬಹುಮಟ್ಟಿಗೆ ಸೈಕಲ್ ಸವಾರರ ಪಾಲಾಗಿದೆ. ನಾನು ಹಿಡಿದದ್ದು ಅದಕ್ಕಿಂತ ಹಳೆಯದಾದ, ಹೇಸರಗತ್ತೆಗಳ ಮೇಲೆ ಹೇರು ಹೊರಿಸಿ ನಡೆಸುತ್ತಿದ್ದವರ ಕಡಿದಾದ ಕಾಲುಹಾದಿ. ಅದು ರಸ್ತೆಯನ್ನು ಮತ್ತೆ ಮತ್ತೆ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಮಗಳೂ ನಾನೂ ಆಗಾಗ ಎದುರಾಗುತ್ತಿದ್ದೆವು.

ನಾನು ಕನ್ನಡದ ಮೇಷ್ಟ್ರು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಹಲಗೆಯೊಂದನ್ನು ಓರೆಯಾಗಿಟ್ಟು ಗಾಲಿಯನ್ನು ಎಳೆದು ತೋರಿಸುತ್ತಿದ್ದ ಇಳಿಜಾರು ತಳದ ಪಾಠ ಅಲ್ಲಿ ನೆನಪಾಯಿತು. ನೀವೂ ಅದನ್ನು ಓದಿರುವಿರಿ. ಹತ್ತಬೇಕಾದ ಎತ್ತರ ಇಬ್ಬರಿಗೂ ಒಂದೇ, ಸುಮಾರು 930 ಮೀಟರು. ಮಗಳು ಅದನ್ನು ಹದಿಮೂರು ಕಿಲೋಮೀಟರಿಗೆ ಹಂಚಿಕೊಂಡಳು. ಒಂದು ಮೀಟರು ಏರಲು ಹದಿನಾಲ್ಕು ಮೀಟರು ಸಾಗಿದಳು. ನಾನು ದೂರವನ್ನು ಉಳಿಸಿದೆ, ಬೆಲೆಯನ್ನು ತೊಡೆಗಳಿಂದ ತೆತ್ತೆ. ತಿರುವುಗಳು ದಾರಿಯನ್ನು ಸುಮ್ಮನೆ ಉದ್ದಮಾಡುವುದಿಲ್ಲ. ಬೆಟ್ಟದ ಸಾಲವನ್ನು ಕಂತುಗಳಲ್ಲಿ ತೀರಿಸಲು ಬಿಡುತ್ತವೆ.

ಹಾಗೆಂದು ಅವಳ ದಾರಿ ಸುಲಭದ್ದಾಗಿರಲಿಲ್ಲ. ಕಲ್ಲುಹಾಸಿನ ಮೇಲೆ ಸೈಕಲ್ಲು ಗಡಗಡನೆ ಅದುರುತ್ತಿತ್ತು. ಹಿಡಿಯನ್ನು ಬಿಗಿಹಿಡಿದ ಅವಳ ಅಂಗೈಗಳು ಕೆಂಪಾಗಿದ್ದವು. “ಕಣಿವೆ ನಡುಗುವುದಿಲ್ಲ ಅಪ್ಪ, ನಾವು ನಡುಗುತ್ತೇವೆ” ಎಂದು ನಕ್ಕಳು. ಮರಗಳು ಯಾವಾಗಲೋ ಹಿಂದೆ ಉಳಿದಿದ್ದವು. ಬಂಡೆಗಳ ನಡುವೆ ಆಲ್ಪೆನ್ ರೋಸ್ ಪೊದೆಗಳು ಕೆಂಪಗೆ ಅರಳಿದ್ದವು. ಮಾರ್ಮೊಟ್ ಎಂಬ, ಅಳಿಲಿನ ಬಳಗದ ದಢೂತಿ ಪ್ರಾಣಿಯೊಂದು ನನ್ನನ್ನು ಕಂಡು ಸಿಳ್ಳುಹಾಕಿ ಬಿಲ ಸೇರಿತು. ನೆರಳಿನ ಒಂದು ಮೂಲೆಯಲ್ಲಿ ಕಳೆದ ಚಳಿಗಾಲದ ಹಿಮ ಮಣ್ಣುಬಣ್ಣಕ್ಕೆ ತಿರುಗಿ ಹನಿಹನಿಯಾಗಿ ಕರಗುತ್ತಿತ್ತು.

ಎಣಿಸಿಕೊಂಡು ಬಂದ ಹದಿನೇಳನೆಯ ತಿರುವಿನಲ್ಲಿ ನನ್ನ ಉಸಿರು ನಿಲ್ಲಲಿಲ್ಲ, ಕಾಲುಗಳು ನಿಂತವು. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಐದನೆಯ ನಾಲ್ಕು ಪಾಲಿನಷ್ಟು ಮಾತ್ರ. ಮಗಳು ಸೈಕಲ್ಲಿನಿಂದ ಇಳಿದು ನನ್ನ ಮುಖವನ್ನೇ ನೋಡುತ್ತಾ, ಘಟ್ಟದ ಮೇಲೆ ಓಡುವ ಬಸ್ಸನ್ನು ಹಿಡಿಯಬಹುದು ಎಂದು ಮೆಲ್ಲಗೆ ಹೇಳಿದಳು. ನಾನು ಉತ್ತರ ಕೊಡದೆ ಕಲ್ಲುಗೋಡೆಯ ಮೇಲೆ ಕುಳಿತೆ. ಕೈಯೂರಿದ ಕಲ್ಲಿನ ಮೇಲೆ ಉಳಿಯ ಗುರುತುಗಳು ಇನ್ನೂ ಇದ್ದವು. ಸುಮಾರು ಇನ್ನೂರು ವರ್ಷಗಳ ಹಿಂದೆ ಯಾರೋ ಒಬ್ಬನು ಅದನ್ನು ಕಡಿದು, ಹೊತ್ತು, ಇಲ್ಲಿಟ್ಟು ಹೋಗಿದ್ದ. ಅರ್ಧ ಗಂಟೆ ಕಳೆಯಿತು. “ನಡಿ” ಎಂದೆ. ಉಳಿದ ಏಳು ತಿರುವುಗಳಲ್ಲಿ ಅವಳು ಸೈಕಲ್ಲನ್ನು ಏರಲಿಲ್ಲ. ತಳ್ಳಿಕೊಂಡು ನನ್ನ ಪಕ್ಕದಲ್ಲಿಯೇ ನಡೆದಳು.

ನೆತ್ತಿಯಲ್ಲಿ ಸಣ್ಣ ಕೆರೆಗಳು, ಬೋಳುಬಂಡೆಗಳು, ದಾರಿಗರಿಗಾಗಿ ಕಟ್ಟಿದ ಹಳೆಯ ತಂಗುದಾಣ. ಈ ಪರ್ವತಸ್ತೋಮದ ಉತ್ತರಕ್ಕೆ ಇಳಿದ ನೀರು ರಾಯ್ಸ್ ನದಿಯಾಗಿ, ರೈನ್ ನದಿಯನ್ನು ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಇಳಿದದ್ದು ಟಿಚೀನೊ ನದಿಯಾಗಿ, ಪೋ ನದಿಯನ್ನು ಕೂಡಿ ಏಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ಮಾತೂ ನೀರಿನಂತೆಯೇ: ಈಚೆ ಇಟಾಲಿಯನ್, ಆಚೆ ಜರ್ಮನ್. ಆ ರಾತ್ರಿ ಅಲ್ಲಿಯೇ ತಂಗಿದೆವು. ನಮ್ಮ ಕೆಳಗೆ ಸುಮಾರು ಒಂದು ಕಿಲೋಮೀಟರು ಆಳದಲ್ಲಿ, ನಾವು ಬಂದ ಸುರಂಗದಲ್ಲಿ ರೈಲು ಓಡುತ್ತಿತ್ತು. ಮೋಟಾರುಗಳಿಗೆ 1980ರಲ್ಲಿ ಬೇರೊಂದು ಸುರಂಗವಾಯಿತು. 2016ರಲ್ಲಿ ಇನ್ನೂ ತಳದಲ್ಲಿ 57 ಕಿಲೋಮೀಟರು ಉದ್ದದ ಮತ್ತೊಂದು ರೈಲು ಸುರಂಗವೂ ಬಂದಿತು. ಒಂದು ಕಾಲಕ್ಕೆ ಈ ಘಟ್ಟದ ಮೇಲೆ ಐದು ಕುದುರೆಗಳ ಅಂಚೆಬಂಡಿ ಓಡುತ್ತಿತ್ತು. ಅದು ಕರುವೊಂದನ್ನು ಅಟ್ಟಿಕೊಂಡು ಧಾವಿಸುವ ದೃಶ್ಯವನ್ನು ರುಡಾಲ್ಫ್ ಕೊಲ್ಲರ್ 1873ರಲ್ಲಿ ಚಿತ್ರಿಸಿದ. ಆಗಲೇ ಬೆಟ್ಟದಡಿಯಲ್ಲಿ ಸುರಂಗದ ಕೆಲಸ ನಡೆಯುತ್ತಿತ್ತು. ಜ್ಯೂರಿಕ್‌ನಲ್ಲಿ ಆ ಚಿತ್ರವನ್ನು ನೋಡಿದಾಗ ನನಗೆ ಕರುವಿನ ಮೇಲೆ ಬಂದಷ್ಟೇ ಮರುಕ ಬಂಡಿಯ ಮೇಲೂ ಬಂದಿತ್ತು.

ಮರುದಿನದ ಇಳಿತದ ಬಗೆಗೆ ಹೇಳುವಂಥದು ಹೆಚ್ಚಿಲ್ಲ, ಮಂಡಿಗಳು ಹೇಳಬೇಕು. ಆಂಡರ್‌ಮಾಟ್ ಊರನ್ನು ದಾಟಿದ ಮೇಲೆ ಶ್ಯೋಲೆನೆನ್ ಎಂಬ ಕಮರಿ ಸಿಕ್ಕಿತು. ಈ ಘಟ್ಟದ ನಿಜವಾದ ಬೀಗ ಇರುವುದು ನೆತ್ತಿಯಲ್ಲಲ್ಲ, ಇಲ್ಲಿ. ಎರಡು ಕಡೆಯೂ ನೆಟ್ಟಗಿನ ಬಂಡೆ, ನಡುವೆ ಭೋರ್ಗರೆಯುವ ರಾಯ್ಸ್. 13ನೆಯ ಶತಮಾನದಲ್ಲಿ ಇಲ್ಲಿ ಸೇತುವೆ ಆದ ಬಳಿಕವೇ ಗೊಥಾರ್ಡ್ ದೊಡ್ಡ ವ್ಯಾಪಾರಮಾರ್ಗವಾದದ್ದು. ಮನುಷ್ಯರಿಂದ ಆಗದ ಆ ಸೇತುವೆಯನ್ನು ಸೈತಾನನೇ ಕಟ್ಟಿಕೊಟ್ಟನಂತೆ. ಮೊದಲು ದಾಟುವ ಜೀವ ತನ್ನದೆಂದು ಕರಾರು ಮಾಡಿಕೊಂಡನಂತೆ. ಊರಿನವರು ಒಂದು ಆಡನ್ನು ಅಟ್ಟಿದರು. ಸಿಟ್ಟಿಗೆದ್ದ ಸೈತಾನ ಸೇತುವೆಯನ್ನು ಪುಡಿಮಾಡಲು ಹೆಬ್ಬಂಡೆಯನ್ನು ಹೊತ್ತು ತಂದ. ದಾರಿಯಲ್ಲಿ ಮುದುಕಿಯೊಬ್ಬಳ ಜಾಣತನದಿಂದ ಅದನ್ನು ಅಲ್ಲಿಯೇ ಬಿಟ್ಟು ಹೋಗಬೇಕಾಯಿತು.

ಆ ಬಂಡೆ ಗ್ಯೋಶೆನೆನ್ ಬಳಿ ಇಂದಿಗೂ ಇದೆ. ಮಗಳು ಸೈಕಲ್ಲನ್ನು ನಿಲ್ಲಿಸಿ ಅದನ್ನು ನನಗೆ ತೋರಿಸಿದಳು. ಹೆದ್ದಾರಿಗೆ ಅಡ್ಡವಾಯಿತೆಂದು 1977ರಲ್ಲಿ, ಸುಮಾರು 220 ಟನ್ನು ತೂಕದ ಆ ಬಂಡೆಯನ್ನು ಜನರು 127 ಮೀಟರು ಆಚೆಗೆ ಸರಿಸಿದರು. ಈ ಸಲ ಸೈತಾನನನ್ನು ಯಾರೂ ಕರೆಯಲಿಲ್ಲ.