ಕೀ ತಿರುವಿದವನು ನಾನೇ

ಕಳೆದ ವರ್ಷ ಪಂಚಮಿಗೆ ಊರಿಗೆ ಹೋದಾಗ ನನ್ನಿಂದ ನಮ್ಮವ್ವನ ಕೈ ಹೋಗಿಬಿಡುತ್ತಿತ್ತು. ಇದನ್ನು ಇಲ್ಲಿತನಕ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಮೊದಲ ಪ್ರಶ್ನೆ "ನೀನು ಎಂಜಿನಿಯರ್ ಅಲ್ವಾ?" ಅಂತಲೇ ಬರುತ್ತೆ.

ನಮ್ಮದು ಇಂಡಿ ತಾಲೂಕು, ಮೂರೆಕರೆ ಲಿಂಬೆ ತೋಟ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದೇ ಇಂಡಿ ಲಿಂಬೆ. ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ಹೊಕ್ಕರೆ ಟೊಂಗೆ ಮುರಿಯುತ್ತವೆ, ಮುಳ್ಳು ಡ್ರೈವರ್ ಮುಖಕ್ಕೆ ಬಡಿಯುತ್ತವೆ. ಅದಕ್ಕೇ ಅಪ್ಪ ಒಂದು ಹಳೇ ಮಿನಿ ಟ್ರ್ಯಾಕ್ಟರ್ ತಂದಿದ್ದ. ಹಿಂದೆ ರೋಟಾವೇಟರ್. ನಮ್ಮ ಕಡೆ ಅದಕ್ಕೆ ರೂಟರ್ ಅಂತಾರೆ. "ರೂಟರ್ ನಿಂತೈತಿ" ಅಂತ ಅಪ್ಪ ಮೊದಲ ಸಲ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಕೂತು "ಒಂದ್ಸಲ ಆಫ್ ಮಾಡಿ ಆನ್ ಮಾಡಪಾ" ಅಂದಿದ್ದೆ.

ಪಂಚಮಿಗೆ ಮುಂಚೆ ಟ್ರ್ಯಾಕ್ಟರ್ ಚಾಲೂ ಆಗುವುದೇ ನಿಂತಿತ್ತು. ಕೀ ತಿರುವಿದರೆ ಟಕ್ ಅನ್ನೋ ಸಪ್ಪಳವೂ ಇಲ್ಲ. ಮಿಸ್ತ್ರಿ ಬಂದು ಸರಿ ಮಾಡಿಹೋದ. ಅಪ್ಪ ಖುಷಿಯಿಂದ ಫೋನ್ ಮಾಡಿದ: "ಹತ್ತ ನಿಮಿಷದಾಗ ರಿಪೇರಿ ಆತು ನೋಡು. ಈಗ ಕ್ಲಚ್ ತುಳಿಯೋದೂ ಬ್ಯಾಡ, ಸುಮ್ನ ಕೀ ತಿರುವಿದ್ರ ಆತು." ಚಲೋ ಆಯ್ತು ಅಂದು ಮೀಟಿಂಗಿಗೆ ಹೋದೆ. ಆ ಎರಡನೇ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಪಂಚಮಿ ಮುಗಿದ ಮೂರನೇ ದಿನ. ರೂಟರಿನ ಬ್ಲೇಡುಗಳಿಗೆ ಡ್ರಿಪ್ ಪೈಪ್ ಸುತ್ತಿಕೊಂಡಿತ್ತು. ಅವ್ವ ಹಿಂದೆ ಕುಕ್ಕರಗಾಲಲ್ಲಿ ಕೂತು ಕುಡುಗೋಲಿನಿಂದ ಅದನ್ನು ಕೊಯ್ದು ತೆಗೆಯುತ್ತಿದ್ದಳು. ಬ್ಯಾಟರಿ ಹೇಗಿದೆ ನೋಡೋಣ ಅಂತ ನಾನು ಮುಂದೆ ಬಂದೆ. ಸೀಟಿಗೆ ಹತ್ತಲಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆಯಾ ಅಂತ ಅಲ್ಲಾಡಿಸಿ ನೋಡಿ, ನೆಲದ ಮೇಲೆ ನಿಂತೇ ಕೈ ಚಾಚಿ ಕೀ ತಿರುವಿದೆ. ರೂಟರ್ ತಿರುಗಿಸುವ ಪಿಟಿಓ ಲಿವರ್ ಬೇರೆ ಇರುತ್ತದೆ. ಅದು ಹಾಕಿದ್ದು ಹಾಕಿದಂಗೇ ಇತ್ತು.

ಸೆಲ್ಫ್ ಮೋಟರ್ ಒಂದು ಸಲ ಗರ್ರ್ ಅಂತು. ಹಿಂದೆ ಅವ್ವ ಚೀರಿದಳು. ಕೀ ಬಿಟ್ಟೆ.

ಬ್ಲೇಡು ತಿರುಗಿದ್ದು ಅರ್ಧ ಸುತ್ತೂ ಇರಲಿಕ್ಕಿಲ್ಲ. ಸೆರಗು ಹರಿದಿತ್ತು, ಎರಡು ಬಳೆ ಒಡೆದು ಮುಂಗೈಯಲ್ಲಿ ರಕ್ತ ಬಂದಿತ್ತು, ಕುಡುಗೋಲು ಒಂದು ಮಾರು ದೂರ ಬಿದ್ದಿತ್ತು. ಅರ್ಧ ಸುತ್ತಿಗೇ ಯಾಕೆ ನಿಂತಿತು ಅಂದರೆ, ತಣ್ಣಗಿರೋ ಡೀಸೆಲ್ ಎಂಜಿನ್ನಿಗೆ ಮೊದಲು ಕೀಯನ್ನು ಒಂದು ಹಂತದಲ್ಲಿ ಹಿಡಿದು ಗ್ಲೋ ಪ್ಲಗ್ ಕಾಯಿಸಬೇಕು. ನನಗದು ನೆನಪಿರಲಿಲ್ಲ, ಎಂಜಿನ್ ಹತ್ತಲಿಲ್ಲ. ಹತ್ತಿದ್ದರೆ ಕೀ ಆಫ್ ಮಾಡಿದರೂ ನಿಲ್ಲುತ್ತಿರಲಿಲ್ಲ. ಡೀಸೆಲ್ಲಿಗೆ ಕಿಡಿ ಬೇಕಿಲ್ಲವಲ್ಲ. ಇಂಥ ಹಳೇ ಗಾಡಿಯಲ್ಲಿ ಸ್ಟಾಪ್ ಗುಬ್ಬಿ ಎಳೆದು ಎಣ್ಣೆ ಬಂದ್ ಮಾಡಬೇಕು.

"ಏನಾಗಿಲ್ಲ ಬಿಡೋ, ಬಳಿ ಒಡದಾವಷ್ಟ" ಅಂದಳು ಅವ್ವ. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ವೈರಿಂಗ್ ಬಿಚ್ಚಿದೆ. ಅಮೆರಿಕದವರು ಹುಲ್ಲು ಕತ್ತರಿಸೋ ಗಾರ್ಡನ್ ಟ್ರ್ಯಾಕ್ಟರಿನಲ್ಲಿ ಸೀಟಿನ ಕೆಳಗೂ ಒಂದು ಸ್ವಿಚ್ ಇರುತ್ತದೆ, ಬ್ಲೇಡ್ ಓಡುವಾಗ ಎದ್ದರೆ ಎಂಜಿನ್ ಬಂದ್. ನಮ್ಮದರಲ್ಲಿ ಅದಿಲ್ಲ. ಇದ್ದದ್ದು ಎರಡು ಸ್ವಿಚ್: ಕ್ಲಚ್ ಪೆಡಲ್ ಪೂರ್ತಿ ತುಳಿದರೆ ಒಂದು ಕೂಡುತ್ತದೆ, ಪಿಟಿಓ ಲಿವರ್ ನ್ಯೂಟ್ರಲ್‌ಗೆ ಬಂದರೆ ಇನ್ನೊಂದು. ಎರಡೂ ಒಂದೇ ಸಾಲಿನಲ್ಲಿ. ಎರಡೂ ಕೂಡಿದರೆ ಮಾತ್ರ ಕೀಯಿಂದ ಹೊರಟ ಕರೆಂಟ್ ಸೆಲ್ಫ್ ಮೋಟರಿನ ಸೊಲೆನಾಯ್ಡ್ ಮುಟ್ಟುತ್ತದೆ. ನಾವು ದಿನಾ ಬರೆಯೋ ಆಂಡ್ ಕಂಡೀಷನ್ನೇ, ತಾಮ್ರದಲ್ಲಿ. ಎರಡೂ ಕಡೆ ವೈರ್ ಕಿತ್ತು, ಒಂದಕ್ಕೊಂದು ಹೊಸೆದು ಕರಿ ಟೇಪ್ ಸುತ್ತಿದ್ದರು. ಟೆಸ್ಟ್ ಫೇಲ್ ಆಗುತ್ತಿದೆ ಅಂತ ಟೆಸ್ಟನ್ನೇ ಕಾಮೆಂಟ್ ಮಾಡಿದ ಹಾಗೆ. ಬಯ್ಯೋಕೆ ಬಾಯಿ ಬರಲಿಲ್ಲ. ಆ ಕೆಲಸ ನಾನೂ ಮಾಡಿದ್ದೇನೆ, ಶುಕ್ರವಾರ ಸಂಜೆಗಳಲ್ಲಿ.

ಪಿಟಿಓ ಶಾಫ್ಟ್ ಕಳಚಿ ಪಕ್ಕಕ್ಕಿಟ್ಟೆ, ಚಕ್ರಗಳಿಗೆ ಕಲ್ಲು ಕೊಟ್ಟೆ. ಸೊಲೆನಾಯ್ಡಿನ ಸಣ್ಣ ವೈರ್ ತೆಗೆದು ಅಲ್ಲಿಗೆ 12 ವೋಲ್ಟಿನ ಇಂಡಿಕೇಟರ್ ಬಲ್ಬ್ ಕಟ್ಟಿದೆ. ಹೀಗೆ ಮಾಡಿದರೆ ಕೀ ತಿರುವಿದಾಗ ಬಲ್ಬ್ ಹತ್ತಬೇಕೇ ಹೊರತು ಮೋಟರ್ ತಿರುಗುವ ಮಾತಿಲ್ಲ. ಹೊಸೆದ ವೈರ್ ಬಿಡಿಸಿ ಮೊದಲಿನಂತೆ ಜೋಡಿಸಿದೆ. ಬಲ್ಬ್ ಹತ್ತಲಿಲ್ಲ. ಕ್ಲಚ್ ಸ್ವಿಚ್ ದಾಟಿ ಕರೆಂಟ್ ಬರುತ್ತಿತ್ತು, ಪಿಟಿಓ ಸ್ವಿಚ್ ದಾಟುತ್ತಿರಲಿಲ್ಲ. ಸಿಕ್ಕಿತು ಕಳ್ಳ ಅಂದುಕೊಂಡು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಅಣ್ಣನ ಬೈಕ್ ತಗೊಂಡು ಹೊರಟೆ.

ಇಂಡಿಯಲ್ಲಿ ಸಿಗಲಿಲ್ಲ. ಸಿಂದಗಿಯಲ್ಲಿ ಸಿಕ್ಕ ಸ್ವಿಚ್ಚಿನ ಮರೆ ಬೇರೆ. ಅಂಗಡಿಯವರು ಪಾಪ ಒಳ್ಳೆ ಮನಸ್ಸಿನಿಂದಲೇ ಹೇಳಿದರು: "ಯಾಕ್ರಿ ಸರ ಬಿಸಲಾಗ ಅಡ್ಡಾಡ್ತೀರಿ? ವಾಯರ್ ಕೂಡಸ್ರಿ. ಇಲ್ಲಾಂದ್ರ ಸೆಲ್ಫ್‌ಗೆ ಸ್ಕ್ರೂಡ್ರೈವರ್ ಹಚ್ರಿ, ತಾನ ಚಾಲೂ ಆಗತೈತಿ." ಚಾಲೂ ಆಗುತ್ತೆ, ಸುಳ್ಳಲ್ಲ. ಆದರೆ ಹಾಗೆ ಹಚ್ಚುವವನು ನಿಂತಿರೋದು ಹಿಂದಿನ ಚಕ್ರದ ಮುಂದೆ. ಗೇರ್ ಬಿದ್ದಿದ್ದರೆ ಟ್ರ್ಯಾಕ್ಟರ್ ಅವನ ಮೇಲೇ ಹತ್ತುತ್ತದೆ.

ಬಸವನ ಬಾಗೇವಾಡಿಯಲ್ಲೂ ಸ್ವಿಚ್ ಇಲ್ಲ, ಆದರೆ ಪಿಟಿಓ ಶಾಫ್ಟಿನ ಪ್ಲಾಸ್ಟಿಕ್ ಕವರ್ ಸಿಕ್ಕಿತು. ನಮ್ಮದರ ಕವರ್ ಯಾವಾಗಲೋ ಒಡೆದು ಹೋಗಿತ್ತು. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಧೋತರದ ತುದಿ ಸಿಕ್ಕರೆ ಕೈ ಎಳೆದುಕೊಳ್ಳೋ ಅಷ್ಟು ಹೊತ್ತು ಕೊಡಲ್ಲ.

ಮುದ್ದೇಬಿಹಾಳದಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಸ್ವಿಚ್ ಇಸ್ಕೊಂಡು, ಬ್ಯಾಟರಿ ಬಲ್ಬ್ ಹಚ್ಚಿ ಬೆರಳಿನಿಂದ ಒತ್ತಿದರು. ಬಲ್ಬ್ ಹತ್ತಲಿಲ್ಲ. ಇನ್ನೂ ಸ್ವಲ್ಪ ಒತ್ತಿದರು. ಹತ್ತಿತು. "ಸ್ವಿಚ್ ಚಲೋ ಐತಿ ತಮ್ಮಾ. ಲಿವರ್ ಪೂರ್ತಿ ಮುಟ್ಟವಲ್ದು. ಪಟ್ಟಿ ಮಣದಿರಬೇಕು, ನೋಡ್ಹೋಗು." ದುಡ್ಡು ತಗೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ನಾಲ್ಕು ತಾಲೂಕು ಸುತ್ತಿ ಅದೇ ಸ್ವಿಚ್ ಜೇಬಿನಲ್ಲಿಟ್ಟುಕೊಂಡು ಕತ್ತಲಾದ ಮೇಲೆ ಮನೆಗೆ ಬಂದೆ. ಬೆಳಿಗ್ಗೆ ನೋಡಿದರೆ ಅವರಂದದ್ದೇ ನಿಜ. ಲಿವರಿನ ಕೆಳಗಿನ ಪಟ್ಟಿ ಎರಡು ಮಿಲಿಮೀಟರ್‌ನಷ್ಟು ಬಗ್ಗಿತ್ತು. ಲಿವರ್ ಬಿಗಿಯಾದಾಗೆಲ್ಲ ಅದನ್ನು ಕಾಲಿನಿಂದ ಒದ್ದು ಹಾಕುತ್ತಿದ್ದವರು ನಾವೇ. ಸುತ್ತಿಗೆಯ ನಾಲ್ಕು ಏಟು, ಟರ್ಮಿನಲ್ಲಿನ ಹಸಿರು ಕಿಲುಬು ತಿಕ್ಕಿದ್ದು, ಅಷ್ಟೇ. ಬಲ್ಬ್ ಹತ್ತಿತು. ಲಿವರ್ ಹಾಕಿ ನೋಡಿದೆ, ಆರಿತು. ಕ್ಲಚ್ ಬಿಟ್ಟು ನೋಡಿದೆ, ಆರಿತು. ಹತ್ತು ಸಲ ಮಾಡಿದೆ. ಆಮೇಲೆ ಸೊಲೆನಾಯ್ಡ್ ವೈರ್ ಜೋಡಿಸಿದೆ.

ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ. ಕೊನೆಗೆ, "ಅಂದ್ರ ಮತ್ತ ಕ್ಲಚ್ ತುಳೀಬೇಕಲಾ" ಅಂದ. ದನಿ ಸಣ್ಣದಾಗಿತ್ತು. ಆಗ ನನಗೆ ಗೊತ್ತಾಗಿದ್ದು, ಅವನ ಎಡ ಮೊಣಕಾಲು ಎರಡು ವರ್ಷದಿಂದ ಮಡಚೋಕೆ ಬರುತ್ತಿಲ್ಲ ಅಂತ. ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಮಿಸ್ತ್ರಿ ವೈರ್ ಕೂಡಿಸಿಹೋದದ್ದು ಅವನಿಗೆ ಒಂದು ಉಪಕಾರವೇ ಆಗಿತ್ತು. ಕ್ಲಚ್ಚಿನ ಲಿಂಕೇಜ್‌ಗೆ ಗ್ರೀಸ್ ಹಾಕಿ, ಪೆಡಲ್ ಆಟ ಸರಿ ಮಾಡಿದೆ. ಒಂಚೂರು ಹಗುರಾಯ್ತು, ಬಹಳ ಇಲ್ಲ. ಈಗ ಬೆಳಿಗ್ಗೆ ಅಣ್ಣ ಚಾಲೂ ಮಾಡಿಕೊಟ್ಟು ಡ್ಯೂಟಿಗೆ ಹೋಗುತ್ತಾನೆ. ಮೊಣಕಾಲಿಗೆ ವಿಜಯಪುರದಲ್ಲಿ ತೋರಿಸುತ್ತಿದ್ದೇವೆ.

ಹೋದ ಭಾನುವಾರ ಫೋನ್ ಮಾಡಿದಾಗ ಟ್ರ್ಯಾಕ್ಟರ್ ಹೇಗಿದೆ ಅಂತ ಕೇಳಿದೆ. "ನಿಂತೈತಿ" ಅಂದ ಅಪ್ಪ. ನನ್ನ ಎದೆ ಧಸಕ್ಕಂತು. ಏನಾಯ್ತು ಅಂದೆ.

"ಏನಾಗಿಲ್ಲಪಾ. ನಿಮ್ಮವ್ವ ಹಿಂದ ಕುಂತು ಪೈಪ್ ಬಿಡಸಾಕತ್ತಾಳ. ಕೀ ಅಕಿ ಎಲಿ ಅಡಿಕಿ ಸಂಚ್ಯಾಗ ಐತಿ."