ಬಾಳೆಯ ಪಟ್ಟೆಯೂ ಕಾಗದದ ಹಾಳೆಯೂ

ಬಾಳೆಯ ಗಿಡವು ಒಂದೇ ಸಲ ಗೊನೆಬಿಟ್ಟು ತೀರುವುದೆಂಬುದನ್ನು ಹಿತ್ತಲುಳ್ಳವರೆಲ್ಲರೂ ಬಲ್ಲರು. ಗೊನೆಯನ್ನು ಇಳಿಸಿದ ಮೇಲೆ ಎಲೆಯು ಊಟಕ್ಕೂ, ದಿಂಡು ಪಲ್ಯಕ್ಕೂ, ಪಟ್ಟೆಯ ನಾರು ಹೂ ಕಟ್ಟುವುದಕ್ಕೂ ಒದಗುವುದುಂಟು. ಉಳಿದುದು ಗೊಬ್ಬರದ ಗುಂಡಿಯ ಪಾಲು. ಆ ಉಳಿದುದರಿಂದ ಕಾಗದ ಮಾಡುವ ಬಗೆಯನ್ನು ನೆರೆಹೊರೆಯ ಹೆಂಗಸರಿಗೆ ಕಲಿಸಬೇಕೆಂದು ನಾವು ಮನೆಯ ಹಿತ್ತಲಿನಲ್ಲಿಯೇ ಒಂದು ಸಣ್ಣ ಶಿಬಿರವನ್ನು ಏರ್ಪಡಿಸಿದೆವು.

ಕೆಲಸದ ಕ್ರಮವು ಕಠಿನವಾದುದಲ್ಲ. ತಾಳ್ಮೆಯನ್ನು ಮಾತ್ರ ಬೇಡುತ್ತದೆ. ಪಟ್ಟೆಯನ್ನು ಹಲಗೆಯ ಮೇಲಿಟ್ಟು ಮೊಂಡುಗತ್ತಿಯಿಂದ ಹೆರೆದರೆ ತಿರುಳು ಹೋಗಿ ನಾರು ಉಳಿಯುವುದು. ಅದನ್ನು ಅಂಗುಲದುದ್ದಕ್ಕೆ ಕತ್ತರಿಸಿ, ವಾಷಿಂಗ್ ಸೋಡಾ ಬೆರೆತ ನೀರಿನಲ್ಲಿ ಎರಡು ಮೂರು ಗಂಟೆಗಳ ಕಾಲ ಬೇಯಿಸಿ, ನೀರು ತಿಳಿಯಾಗುವ ತನಕ ತೊಳೆಯತಕ್ಕದ್ದು. ಸೋಡಾ ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುವುದರಿಂದ ಸ್ಟೀಲಿನದೇ ಲೇಸು. ಆ ಪಾತ್ರೆಯನ್ನು ಮತ್ತೆ ಅಡಿಗೆಗೆ ತರಬಾರದು.

ಇನ್ನು ಕುಟ್ಟುವ ಕೆಲಸ. ನಮ್ಮ ವಿದ್ಯಾರ್ಥಿನಿಯರು ತಕರಾರು ತೆಗೆದದ್ದು ಇಲ್ಲಿಯೇ. "ಮಿಕ್ಸಿಗೆ ಹಾಕಿದರೆ ಎರಡು ನಿಮಿಷದ ಕೆಲಸವಲ್ಲವೇ?" ಎಂದು ಕೇಳಿದವರು ಒಬ್ಬರಲ್ಲ. ಮಿಕ್ಸಿಯ ಅಲಗು ನಾರನ್ನು ತುಂಡರಿಸುತ್ತದೆ; ಒನಕೆಯ ಪೆಟ್ಟು ಅದನ್ನು ಸೀಳಿ ಎಳೆಎಳೆಯಾಗಿ ಕೆದರುತ್ತದೆ. ಹೀಗೆ ಕೆದರಿದ ಎಳೆಗಳು ಒಣಗುವಾಗ ತಾವೇ ಒಂದನ್ನೊಂದು ಹಿಡಿದುಕೊಳ್ಳುವುವಾದ ಕಾರಣ ಅಂಟು ಬೆರೆಸುವ ಅಗತ್ಯವೇ ಇಲ್ಲ. ಗಂಜಿಯನ್ನು ಸವರುವುದು ಮಸಿ ಹರಡದಿರಲೆಂದು ಮಾತ್ರ. ಮಾತಿಗೆ ಒಪ್ಪದವರಿಗಾಗಿ ಎರಡು ಬಗೆಯ ಹಾಳೆಗಳನ್ನೂ ಮಾಡಿಸಿ, ಹರಿದು ನೋಡಿರೆಂದು ಕೊಟ್ಟೆವು. ತರುವಾಯ ಒರಳಿಗೆ ಬಿಡುವಿಲ್ಲದೆ ಹೋಯಿತು.

ನೀರಿನಲ್ಲಿ ಕದಡಿದ ನಾರನ್ನು ಜಾಲರಿಯ ಚೌಕಟ್ಟಿನಿಂದ ಸಮನಾಗಿ ಎತ್ತುವುದು ಓದುಬಲ್ಲ ನಮ್ಮ ಹೆಂಗಸರಿಗೆ ಎರಡು ದಿನವಾದರೂ ಹಿಡಿತಕ್ಕೆ ಬರಲಿಲ್ಲ. ಪೇಟೆಯಲ್ಲಿ ಹೂ ಕಟ್ಟಿ ಮಾರುವ ಒಬ್ಬಾಕೆಗೆ ಎರಡನೆಯ ಸಲಕ್ಕೇ ಕೈಗೂಡಿತು. ಇಬ್ಬರು ಹೆಣ್ಣುಮಕ್ಕಳ ಓದಿನ ಖರ್ಚೆಲ್ಲವೂ ಆಕೆಯ ಬುಟ್ಟಿಯ ಮೇಲೆಯೇ ನಿಂತಿತ್ತು. ಆಕೆ ಒದ್ದೆ ಹಾಳೆಯನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತ, "ಅಮ್ಮಾವ್ರೇ, ದಿನಕ್ಕೆ ಎಷ್ಟು ಹಾಳೆ ಆಗ್ತದೆ? ಯಾರು ಕೊಳ್ತಾರೆ?" ಎಂದು ಕೇಳಿದಳು.

ಇಂತಹ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಅನ್ಯಾಯ. 1934ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ಕೈಕಾಗದವೂ ಅದರ ಉದ್ಯೋಗಗಳಲ್ಲಿ ಒಂದಾಗಿತ್ತು. ಆದರೂ ಬೆಲೆಯಲ್ಲಿ ಗಿರಣಿಯ ಕಾಗದದೊಡನೆ ಸೆಣಸುವುದು ಇದಕ್ಕೆ ಸಾಧ್ಯವಿಲ್ಲ. ಲಗ್ನಪತ್ರಿಕೆಗೂ ಚಿತ್ರ ಬರೆಯುವುದಕ್ಕೂ ಇದನ್ನು ಬಯಸಿ ಕೊಳ್ಳುವವರುಂಟು. ಅವರನ್ನು ಹುಡುಕುವುದೇ ಬೇರೊಂದು ಕಸುಬು. ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, "ಹೂವಿನ ವ್ಯಾಪಾರ ಬಿಡಬೇಡಮ್ಮ" ಎಂದೆವು.

ಆಕೆಯ ಉತ್ಸಾಹಕ್ಕೆ ತಣ್ಣೀರೆರಚಿದೆವೆಂದು ಉಳಿದವರು ನಮ್ಮ ಮೇಲೆ ಮುನಿದರು. ಆಕೆ ಮಾತ್ರ ಕೊಂಚ ಯೋಚಿಸಿ, "ಕಾಗದ ಇರಲಿ. ಆ ಹಲಗೆ, ಮೊಂಡುಗತ್ತಿ ಎರಡು ದಿನ ಕೊಡಿ. ನಮ್ಮ ಸಾಲಿನವರೆಲ್ಲ ನಾರನ್ನ ದುಡ್ಡು ಕೊಟ್ಟು ತಗೊಳ್ತಾರೆ" ಎಂದಳು.

ಹಲಗೆಯು ಇಂದಿಗೂ ಆಕೆಯ ಮನೆಯಲ್ಲಿಯೇ ಇದೆ. ಮುಂದಿನ ಶಿಬಿರಕ್ಕಾಗಿ ನಾವು ಬಡಗಿಗೆ ಹೇಳಿ ಬೇರೊಂದನ್ನು ಮಾಡಿಸಿದ್ದೇವೆ.